ದೀಕ್ಷಾಸ್ನಾನದ ಪುಸ್ತಕದಲ್ಲಿ ಜಾತಿಯ ಕಾಲಂ ಇಲ್ಲ

ಕಮಲನಗರದ ನಮ್ಮ ಮೆಥೊಡಿಸ್ಟ್ ಸಭೆಯಲ್ಲಿ ಮೂರು ರಿಜಿಸ್ಟರುಗಳಿವೆ: ದೀಕ್ಷಾಸ್ನಾನದ್ದೊಂದು, ಮದುವೆಯದೊಂದು, ಮಣ್ಣು ಕೊಟ್ಟದ್ದೊಂದು. ಸದಸ್ಯರ ಪಟ್ಟಿ ಬೇರೆ. ಪ್ರಾಥಮಿಕ ಶಾಲೆಯ ನೌಕರಿಯಿಂದ ನಿವೃತ್ತಳಾದ ಮೇಲೆ ಇವನ್ನು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಭಕ್ತಿ ನೋಡಿ ಕೊಟ್ಟದ್ದಲ್ಲ. ಅಕ್ಷರ ದುಂಡಗಿದೆ, ಮನೆಯಲ್ಲಿ ಕಬ್ಬಿಣದ ಪೆಟ್ಟಿಗೆ ಇದೆ, ಅಷ್ಟೇ.

ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು ಸಾಲು ಬರೆಯಲು ಬಹಳ ಹೊತ್ತು ಬೇಡ. ನಂಬರು, ಹೆಸರು, ಹುಟ್ಟಿದ ತಾರೀಖು, ತಂದೆ, ತಾಯಿ, ಊರು, ನೀರು ಹಾಕಿದ ತಾರೀಖು, ಪಾಸ್ಟರ್ ಅಯ್ಯನವರ ಸಹಿ. ಜಾತಿಗೆ ಕಾಲಂ ಇಲ್ಲ. ಯಾಕೆ ಬಂದರು ಎಂಬುದಕ್ಕೂ ಇಲ್ಲ. ನನ್ನ ಮನೆಗೆ ಬಂದು ಕೂಡುವವರು ಮಾತ್ರ ಬಹುತೇಕ ಈ ಎರಡು ಇಲ್ಲದ ಕಾಲಂಗಳ ಸಲುವಾಗಿಯೇ ಬರುತ್ತಾರೆ.

ಮೊದಲು ಈ ಪುಸ್ತಕ ನಮ್ಮವರಿಗೆ ಏನಾಗಿತ್ತು ಅನ್ನುವುದನ್ನು ಹೇಳಬೇಕು. ನಿಜಾಮರ ಕಾಲದಲ್ಲಿ ಹೊಲದ ಲೆಕ್ಕ ಕುಲಕರ್ಣಿಯ ದಫ್ತರದಲ್ಲಿ ಇರುತ್ತಿತ್ತು. ಹೊಲವೇ ಇಲ್ಲದ ಮಾದಿಗರ ಓಣಿಗೆ ಆ ದಫ್ತರದಲ್ಲಿ ಏನು ಕೆಲಸ? ಒಕ್ಕಲುತನದ ಮನೆಗಳ ವಂಶಾವಳಿಯನ್ನು ಹೆಳವರು ಎತ್ತಿನ ಮೇಲೆ ಬಂದು ಹೇಳಿ ಕಾಳು ಕಟ್ಟಿಸಿಕೊಂಡು ಹೋಗುತ್ತಿದ್ದರು. ನಮ್ಮ ಮುತ್ಯಾನ ಹೆಸರು ಮಸಿಯಲ್ಲಿ ಮೂಡಿದ್ದು ಒಂದೇ ಕಡೆ, ಸಾವಕಾರನ ವಹಿಯಲ್ಲಿ. ಆಯಿಯ ಹೆಸರು ಅಲ್ಲಿಯೂ ಇರಲಿಲ್ಲ. ಸಾಲ ಗಂಡಸಿನ ಹೆಸರಿಗೆ, ದುಡಿತ ಮನೆಮಂದಿಗೆಲ್ಲ.

ಹಾಗಾಗಿ ಸಭೆಯ ಹಳೆಯ ಪುಸ್ತಕದ ಆ ಹಾಳೆಯನ್ನು ನಾನು ಆಗಾಗ ತೆರೆದು ನೋಡುತ್ತೇನೆ. ಹಾಳೆ ಕಂದಾಗಿದೆ, ಹೊಲಿಗೆ ಬಿಟ್ಟಿದೆ, ಮೂಲೆಯಲ್ಲಿ ಗೆದ್ದಲು ತಿಂದ ಅರ್ಧಚಂದ್ರ. ಬರೆದವರು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಮುತ್ಯಾ ಮಾರುತಿ ಇದ್ದವನು ಮಾರ್ಕ ಆಗಿದ್ದಾನೆ. ಆಯಿಯ ಹೆಸರನ್ನು ಬದಲು ಮಾಡಿಲ್ಲ. ಯಾಕೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳು ಒಪ್ಪಿರಲಿಕ್ಕಿಲ್ಲ ಅಂತ ನಮ್ಮವ್ವ ನಗುತ್ತಿದ್ದಳು. ಹುಟ್ಟಿದ ತಾರೀಖಿನ ಜಾಗದಲ್ಲಿ ಅಂದಾಜು ವಯಸ್ಸು. ತಂದೆಯ ಹೆಸರಿನ ಪಕ್ಕ ತಾಯಿಯ ಹೆಸರೂ ಇದೆ. ಅಂದರೆ ನನ್ನ ಮುತ್ತಜ್ಜಿಯ ಹೆಸರು. ಈ ಭೂಮಿಯ ಮೇಲೆ ಅವಳ ಹೆಸರು ಬರೆದ ಕಾಗದ ಅದೊಂದೇ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಬೀದರಿಗೆ ಬಂದರು. ಮಂಗಲಪೇಟೆಯಲ್ಲಿ ಚರ್ಚು, ಶಾಲೆ, ಆಸ್ಪತ್ರೆ ಆದವು. ಅಲ್ಲಿಂದ ಭಾಲ್ಕಿ, ಔರಾದ್, ಹುಮನಾಬಾದ್ ಕಡೆ ಓಣಿಗೆ ಓಣಿಯೇ ದೀಕ್ಷಾಸ್ನಾನ ತೆಗೆದುಕೊಂಡಿತು. ಒಬ್ಬೊಬ್ಬರೇ ಅಲ್ಲ, ಬೀಗರು ಬಿಜ್ಜರು ಸಹಿತ. 1923ರಿಂದ ನಡೆಯುವ ಧಾರೂರಿನ ಮೆಥೊಡಿಸ್ಟ್ ಜಾತ್ರೆಗೆ ನಮ್ಮವರು ಬುತ್ತಿ ಕಟ್ಟಿಕೊಂಡು ಹೋಗುವ ಪದ್ಧತಿ ಆ ಕಾಲದ್ದೇ. ಕಥೋಲಿಕರು ನಮ್ಮ ಭಾಗದಲ್ಲಿ ಊರೂರಿಗೆ ಕಾಣಿಸಿಕೊಂಡಿದ್ದು ಬಹಳ ತಡವಾಗಿ. ಬೀದರ್ ಜಿಲ್ಲೆಯನ್ನೂ ಒಳಗೊಂಡ ಗುಲಬರ್ಗಾ ಧರ್ಮಪ್ರಾಂತ್ಯ ಆಗಿದ್ದೇ 2005ರಲ್ಲಿ.

ಇಡೀ ಓಣಿ ಒಮ್ಮೆಲೇ ಕ್ರೈಸ್ತವಾದದ್ದು ಹೊರಗಿನವರಿಗೆ ಅಂದೂ ಅನುಮಾನ, ಇಂದೂ ಅನುಮಾನ. ಜೋಳಕ್ಕೆ ಬಂದರು, ಹಾಲಿನ ಪುಡಿಗೆ ಬಂದರು ಅನ್ನುವ ಮಾತು ನಾನು ಟೀಚರ್ ಆದ ಮೇಲೂ ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ. ಮಿಷನರಿಗಳಿಗೂ ಈ ಅನುಮಾನ ಇತ್ತು. ವಾಸ್ಕಮ್ ಪಿಕೆಟ್ ಎಂಬ ಮೆಥೊಡಿಸ್ಟ್ ಪಾದ್ರಿ ದೇಶದ ಹಲವು ಕಡೆ ಸುತ್ತಿ, ಸಾವಿರಾರು ಜನರನ್ನು ಕೂಡಿಸಿಕೊಂಡು ‘ನೀವು ಯಾಕೆ ಕ್ರೈಸ್ತರಾದಿರಿ’ ಎಂದು ಕೇಳಿಸಿ, 1933ರಲ್ಲಿ ದೊಡ್ಡ ಪುಸ್ತಕ ಮಾಡಿದ. ಕೇಳಿದ ಊರುಗಳಲ್ಲಿ ನಮ್ಮ ರೈಲು ಹಾದಿಯ ವಿಕಾರಾಬಾದ್ ಸೀಮೆಯೂ ಇತ್ತು. ಆತ್ಮಕ್ಕೆ ಶಾಂತಿ ಬೇಕಾಗಿತ್ತು ಅಂದವರು ಇದ್ದರು, ಗೌಡನ ಕಾಟ ತಪ್ಪಲಿ ಅಂತ ಬಂದವರು ಇದ್ದರು, ಮಕ್ಕಳು ಓದಲಿ ಅಂತ ಬಂದವರು ಇದ್ದರು, ಅಣ್ಣ ಆದ ನಾನೂ ಆದೆ ಅಂದವರೂ ಇದ್ದರು. ಪಿಕೆಟ್ ಕಂಡುಕೊಂಡದ್ದು ನನಗೆ ಸರಿ ಅನ್ನಿಸುತ್ತದೆ: ಬಂದ ಕಾರಣ ನೋಡಿ ಮುಂದಿನ ನಂಬಿಕೆಯನ್ನು ಅಳೆಯಲು ಬರುವುದಿಲ್ಲ, ಬಂದ ಮೇಲೆ ಅವರಿಗೆ ಯಾರು ಏನು ಕಲಿಸಿದರು ಅನ್ನುವುದು ದೊಡ್ಡದು. ಜೀತ ಬಿಡಬೇಕೆಂಬ ಆಸೆ ದೇವರ ಆಸೆಗಿಂತ ಕೀಳು ಅಂತ ತೀರ್ಪು ಕೊಡುವವರು ಒಂದು ಸುಗ್ಗಿ ಜೀತ ಮಾಡಿ ಬಂದು ಕೊಡಲಿ. ಐಗುಪ್ತದಿಂದ ಹೊರಟ ಇಸ್ರಾಯೇಲರೂ ಮೊದಲು ಬೇಡಿದ್ದು ಬಿಟ್ಟಿ ದುಡಿತದಿಂದ ಬಿಡುಗಡೆ. ಸೀನಾಯಿ ಬೆಟ್ಟ ಆಮೇಲೆ ಬಂತು.

ಯಾಕೆ ಅನ್ನುವ ಕಾಲಂ ಇಲ್ಲದ್ದು ಒಳ್ಳೆಯದೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಕಷ್ಟ ಇರುವುದು ಜಾತಿಯ ಕಾಲಂನಲ್ಲಿ.

1950ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಆದೇಶ ಬಂತು. ಅದರ ಮೂರನೇ ಪ್ಯಾರಾ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ನಮ್ಮ ಭಾಗದಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಹೊಲೆಯರ ಓಣಿ ಬಾಬಾಸಾಹೇಬರ ಹಿಂದೆ ಬುದ್ಧನ ಕಡೆ ಹೋಯಿತು, ಮಾದಿಗರ ಓಣಿ ಯೇಸುವಿನ ಕಡೆ. ನಡುವೆ ಒಂದು ರಸ್ತೆ, ಬಾವಿಯ ನೀರು ಎರಡಕ್ಕೂ ದೂರವೇ ಇತ್ತು. ಈಗ ಆ ಓಣಿಯ ಹುಡುಗ ವಿಹಾರಕ್ಕೆ ಹೋಗಿ ಬಂದು ಎದೆ ತಟ್ಟಿ ಜಾತಿ ಪ್ರಮಾಣಪತ್ರ ಕೇಳಬಹುದು. ಈ ಓಣಿಯ ಹುಡುಗ ಭಾನುವಾರ ಚರ್ಚಿನಲ್ಲಿ ಒಂದು ಹೆಸರು, ಸೋಮವಾರ ಕಚೇರಿಯಲ್ಲಿ ಒಂದು ಹೆಸರು ಇಟ್ಟುಕೊಂಡು ಓಡಾಡಬೇಕು. ನೀರು ತಲೆಯ ಮೇಲೆ ಬಿದ್ದ ಕ್ಷಣಕ್ಕೆ ಜಾತಿ ತೊಳೆದುಹೋಯಿತು ಅಂತ ನಂಬುವವರು ನನ್ನ ಮಟ್ಟಿಗೆ ಇಬ್ಬರೇ: ಒಬ್ಬ ಹೊಸ ಹುರುಪಿನ ಸುವಾರ್ತಿಕ, ಇನ್ನೊಂದು ಭಾರತ ಸರ್ಕಾರ. ಊರಿನ ಚಹಾದ ಹೋಟೆಲಿನವನು ನಂಬಿಲ್ಲ.

ಎರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಬಂದ. ನೌಕರಿಯ ಪಟ್ಟಿಯಲ್ಲಿ ಹೆಸರು ಬಂದಿತ್ತು, ದಾಖಲೆ ಪರಿಶೀಲನೆ ಬಾಕಿ.

“ಟೀಚರ್, ಅದೊಂದು ಹಾಳಿ ಹರದು ತೆಗೀರಿ.”

“ಹಾಳಿ ಹರದ್ರ ನಿನ್ನ ಹಿಂದ ಮುಂದ ಇದ್ದ ಏಳು ಮಂದಿ ಹೋಗ್ತಾರಪ್ಪ.”

“ಮತ್ತ ನನ್ನ ಸಾಲಿನ ಮ್ಯಾಲೆ ಗೀಟ ಹೊಡೀರಿ. ನಾ ಮೂರು ತಿಂಗಳ ಕೂಸ ಇದ್ದೆ. ನನಗ ಕೇಳಿ ನೀರ ಹಾಕ್ಯಾರೇನ್ರಿ?”

ಈ ಕೊನೆಯ ಪ್ರಶ್ನೆಗೆ ಇಡೀ ಕ್ರೈಸ್ತ ಜಗತ್ತು ಐನೂರು ವರ್ಷದಿಂದ ಜಗಳ ಆಡುತ್ತಿದೆ. ಕೂಸಿಗೆ ನೀರು ಹಾಕಬಾರದು, ಬುದ್ಧಿ ಬಂದು ಬಾಯಿಂದ ಹೇಳಿದ ಮೇಲೆಯೇ ದೀಕ್ಷಾಸ್ನಾನ ಕೊಡಬೇಕು ಅಂದವರು ಯೂರೋಪಿನಲ್ಲಿ ಪ್ರಾಣ ಕೊಟ್ಟರು. ನಾವು ಮೆಥೊಡಿಸ್ಟರು ಕೂಸಿಗೂ ಹಾಕುತ್ತೇವೆ. ಕೃಪೆಯನ್ನು ಕೂಸು ಕೇಳಿ ಪಡೆಯುವುದಲ್ಲ, ತಾಯಿಯ ಹಾಲನ್ನೂ ಅದು ಅರ್ಜಿ ಬರೆದು ಪಡೆದಿಲ್ಲ ಅಂತ ನಮ್ಮ ಹಳೆಯ ಪಾಸ್ಟರ್ ಅಯ್ಯನವರು ಹೇಳುತ್ತಿದ್ದರು. ಹುಡುಗನಿಗೆ ಆ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಕೇಳದೆ ಕೊಟ್ಟ ಕೃಪೆಯ ಬಿಲ್ಲು ಅವನ ಕೈಗೆ ಬಂದಿತ್ತಲ್ಲ.

ಬಿಲ್ಲು ಬರುತ್ತದೆ ಅನ್ನುವುದು ಬರೀ ಅವನ ಹೆದರಿಕೆಯಲ್ಲ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕ್ರೈಸ್ತಳಾಗಿ ಬದುಕುತ್ತ, ನೌಕರಿಗಾಗಿ ಮಾತ್ರ ಹಿಂದೂ ಎಂದು ಹೇಳಿ ಪರಿಶಿಷ್ಟರ ಸೌಲಭ್ಯ ಕೇಳುವುದು ಸಂವಿಧಾನಕ್ಕೆ ಮಾಡಿದ ಮೋಸ. ಅವಳ ವಿರುದ್ಧ ಎದ್ದು ನಿಂತ ಸಾಕ್ಷಿಗಳಲ್ಲಿ ಒಂದು, ಅವಳು ಕೂಸಾಗಿದ್ದಾಗ ಬರೆದ ಚರ್ಚಿನ ದೀಕ್ಷಾಸ್ನಾನದ ದಾಖಲೆ. ನನ್ನಂಥ ಯಾವಳೋ ಒಬ್ಬಳು ದುಂಡಗೆ ಬರೆದಿಟ್ಟ ಸಾಲು.

ಅದೇ ಕೋರ್ಟು ಹಿಂದೆ ನಮ್ಮ ರಾಜ್ಯದ ಒಂದು ಪ್ರಕರಣದಲ್ಲಿ ಬೇರೆ ರೀತಿ ಯೋಚಿಸಿತ್ತು. ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ ಗೆದ್ದ ಎಸ್. ರಾಜಗೋಪಾಲ್ ಹುಟ್ಟಿನಿಂದ ಆದಿ ದ್ರಾವಿಡ. 1949ರಲ್ಲಿ ಕ್ರೈಸ್ತರಾಗಿದ್ದರು, ಆಮೇಲೆ ಮರಳಿ ಹಿಂದೂ ಆದೆ ಅಂದರು. 1967ರ ಗೆಲುವನ್ನು ನ್ಯಾಯಾಲಯ ರದ್ದು ಮಾಡಿತು. 1972ರಲ್ಲಿ ಮತ್ತೆ ಗೆದ್ದರು, ಸೋತ ಸಿ.ಎಂ. ಆರ್ಮುಗಂ ಮತ್ತೆ ಕೋರ್ಟಿಗೆ ಹೋದರು. ಈ ಸಲ ನ್ಯಾಯಮೂರ್ತಿಗಳು, ಕ್ರೈಸ್ತನಾದ ಮಾತ್ರಕ್ಕೆ ಎಲ್ಲ ಸಂದರ್ಭದಲ್ಲೂ ಜಾತಿ ಹೋಗಿಯೇ ಬಿಡುತ್ತದೆ ಅಂತ ಖಡಾಖಂಡಿತ ನಿಯಮ ಮಾಡಲಾಗದು, ಆ ಜಾತಿಯ ರೀತಿ ರಿವಾಜು ನೋಡಬೇಕು, ಜಾತಿಯವರು ತಮ್ಮವನೆಂದು ಒಪ್ಪಿದ್ದಾರೋ ಇಲ್ಲವೋ ನೋಡಬೇಕು ಅಂದರು. ರಾಜಗೋಪಾಲ್ ಗೆದ್ದರು. ಒಬ್ಬನೇ ಮನುಷ್ಯ, ಒಂದೇ ಕ್ಷೇತ್ರ, ಒಂದೇ ದೀಕ್ಷಾಸ್ನಾನ. ಒಂದು ಸಲ ಪರಿಶಿಷ್ಟನಲ್ಲ, ಇನ್ನೊಂದು ಸಲ ಹೌದು.

ನರ್ಸಾಗಿ ಅಮೆರಿಕದ ಮಿನ್ನೆಸೋಟಾಕ್ಕೆ ಹೋದ ನನ್ನ ತಂಗಿಯ ಮಗಳು ಒಮ್ಮೆ ಫೋನಿನಲ್ಲಿ ಹೇಳಿದ್ದು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಲ್ಲಿಯ ಮೂಲನಿವಾಸಿ ಒಜಿಬ್ವಾ ಜನ ಹಳೆಯ ಕಥೋಲಿಕ ಮಿಷನ್ ರಿಜಿಸ್ಟರುಗಳನ್ನು ಹುಡುಕಿಕೊಂಡು ಹೋಗುತ್ತಾರಂತೆ. ಆಮೇಲೆ ನಾನೇ ಓದಿ ನೋಡಿದೆ. ಸ್ಲೊವೇನಿಯಾದ ಫ್ರೆಡರಿಕ್ ಬರಾಗಾ ಎಂಬ ಪಾದ್ರಿ 1830ರ ದಶಕದಲ್ಲಿ ಸುಪೀರಿಯರ್ ಸರೋವರದ ದಂಡೆಗೆ ಹೋಗಿ, ಅವರ ನುಡಿ ಕಲಿತು, 1850ರಲ್ಲಿ ವ್ಯಾಕರಣ, 1853ರಲ್ಲಿ ನಿಘಂಟು ಅಚ್ಚು ಹಾಕಿಸಿದ. ಅಂಥವರು ಬರೆದ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಸಂತರ ಹೆಸರಿನ ಜೊತೆಗೆ ಒಜಿಬ್ವಾ ಹೆಸರೂ, ತಂದೆ ತಾಯಿಯ ಹೆಸರೂ ಉಳಿದಿವೆ. ಇಂದು ಬುಡಕಟ್ಟಿನ ಸದಸ್ಯತ್ವ ಬೇಕೆಂದರೆ ವಂಶ ತೋರಿಸಬೇಕು. ಮಿನ್ನೆಸೋಟಾದ ಚಿಪೆವಾ (ಒಜಿಬ್ವಾ ಜನರ ಇನ್ನೊಂದು ಹೆಸರು) ಬುಡಕಟ್ಟಿನಲ್ಲಿ ಕಾಲು ಭಾಗ ರಕ್ತ ಇದೆಯೆಂದು ಲೆಕ್ಕ ಕೊಡಬೇಕು. ಆ ಲೆಕ್ಕಕ್ಕೆ ಚರ್ಚಿನ ಸಾಲು ಆಧಾರ. ಅದೇ ಚರ್ಚು ನಡೆಸಿದ ವಸತಿ ಶಾಲೆಗಳು ಆ ಮಕ್ಕಳ ಜಡೆ ಕತ್ತರಿಸಿ, ನುಡಿ ಕಿತ್ತುಕೊಂಡಿದ್ದವು; 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಕೆನಡಾಕ್ಕೆ ಹೋಗಿ ಅಲ್ಲಿಯ ಮೂಲನಿವಾಸಿಗಳ ಕ್ಷಮೆ ಕೇಳಿದರು. ಆದರೂ ಪುಸ್ತಕ ಉಳಿಯಿತು, ಅವರ ಕೈಗೆ ಹಕ್ಕಿನ ಕಾಗದ ಆಯಿತು. ಅಲ್ಲಿ ದೀಕ್ಷಾಸ್ನಾನದ ಸಾಲು ‘ಇವನು ನಮ್ಮ ಕುಲದವನು’ ಅಂತ ಸಾಕ್ಷಿ ಹೇಳುತ್ತದೆ. ಇಲ್ಲಿ ಅದೇ ಸಾಲು ‘ಇವನು ನಿಮ್ಮ ಕುಲದವನಲ್ಲ’ ಅನ್ನುತ್ತದೆ. ನೀರು ಅದೇ, ಮಂತ್ರ ಅದೇ.

ಹಾಗಾದರೆ ಸಾಲು ಹೇಳುವುದು ಏನನ್ನು? ನಾನು ವಿದ್ವಾಂಸಳಲ್ಲ, ಆದರೆ ಪುಸ್ತಕ ಕಾಯುವವಳಿಗೆ ಇಷ್ಟು ಯೋಚಿಸದೆ ಗತ್ಯಂತರವಿಲ್ಲ. ಅಪೊಸ್ತಲರು ಯಾರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆದುಕೊಳ್ಳಲಿಲ್ಲ. ಪ್ರತಿ ಪಾದ್ರಿಯೂ ಮದುವೆಯ, ದೀಕ್ಷಾಸ್ನಾನದ ಪುಸ್ತಕ ಇಡಬೇಕೆಂದು ಕಥೋಲಿಕರು ಕಟ್ಟುನಿಟ್ಟು ಮಾಡಿದ್ದು 1563ರಲ್ಲಿ, ಟ್ರೆಂಟ್ ಮಹಾಸಭೆಯಲ್ಲಿ. ಮದುವೆಯ ಪುಸ್ತಕದ ಕಾರಣವೂ ಆಕಾಶದ್ದಲ್ಲ. ಗುಟ್ಟಾಗಿ ಒಬ್ಬಳನ್ನು ಮದುವೆಯಾಗಿ, ಬಿಟ್ಟು, ಬಹಿರಂಗವಾಗಿ ಇನ್ನೊಬ್ಬಳನ್ನು ಮದುವೆಯಾಗುವ ಗಂಡಸರನ್ನು ಹಿಡಿಯಬೇಕಾಗಿತ್ತು. ಅಂದರೆ ಪುಸ್ತಕ ಹುಟ್ಟಿದ್ದು ಮನುಷ್ಯರ ಮೋಸಕ್ಕೆ, ದೇವರ ನೆನಪಿಗೆ ಅಲ್ಲ. ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ಬರುವ ಜೀವಗ್ರಂಥವನ್ನು ನಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿದೆ ಅಂತ ತಿಳಿದುಕೊಳ್ಳುವುದು ದೊಡ್ಡ ಸೊಕ್ಕು.

ನಮ್ಮ ಮೆಥೊಡಿಸ್ಟ್ ಪಂಥಕ್ಕೆ ಮೂಲನಾದ ಜಾನ್ ವೆಸ್ಲಿಯ ಬದುಕು ನೋಡಿದರೂ ಇದು ತಿಳಿಯುತ್ತದೆ. ಅವನಿಗೆ 1703ರಲ್ಲಿ ಕೂಸಿದ್ದಾಗಲೇ ದೀಕ್ಷಾಸ್ನಾನ ಆಗಿತ್ತು. ಪಾದ್ರಿಯೂ ಆದ. ಆದರೆ ಹೃದಯ ಬೆಚ್ಚಗಾಯಿತು ಅಂತ ಅವನೇ ಬರೆದಿಟ್ಟದ್ದು 1738ರ ಮೇ 24ರಂದು. ನಡುವಿನ ಮೂವತ್ತೈದು ವರ್ಷಕ್ಕೆ ರಿಜಿಸ್ಟರು ಏನು ಹೇಳೀತು? ಅದಕ್ಕೇ ಅವನು ತನ್ನವರಿಗೆ ಇನ್ನೊಂದು ಲೆಕ್ಕ ಇಟ್ಟ. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರನ್ನೂ ವಿಚಾರಿಸಿ ಟಿಕೆಟ್ ಕೊಡುವುದು. ಸರಿ ನಡೆಯದವನಿಗೆ ಟಿಕೆಟ್ ಇಲ್ಲ. ನಮ್ಮಲ್ಲಿ ಇಂದಿಗೂ ದೀಕ್ಷಾಸ್ನಾನದ ಪುಸ್ತಕ ಬೇರೆ, ಸದಸ್ಯರ ಪಟ್ಟಿ ಬೇರೆ ಇರುವುದರ ಹಿಂದೆ ಈ ತಿಳಿವಳಿಕೆ ಇದೆ. ಮೊದಲನೆಯದು ನಡೆದದ್ದನ್ನು ಹೇಳುತ್ತದೆ: ಇಂಥ ದಿನ ಇವನನ್ನು ಎತ್ತಿಕೊಂಡು ಬಂದರು, ನೀರು ಹಾಕಿದೆವು. ಅದನ್ನು ಅಳಿಸಲು ಬರುವುದಿಲ್ಲ, ಯಾಕೆಂದರೆ ನಡೆದದ್ದು ನಡೆದಿದೆ. ಎರಡನೆಯದರಲ್ಲಿ ಹೆಸರು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ.

ಫ್ರಾನ್ಸಿನಲ್ಲಿ ನಂಬಿಕೆ ಬಿಟ್ಟ ಒಬ್ಬ ಮುದುಕ ತನ್ನ ಹೆಸರನ್ನು ಕಥೋಲಿಕ ರಿಜಿಸ್ಟರಿನಿಂದ ಅಳಿಸಿಯೇ ತೀರಬೇಕೆಂದು ಕೋರ್ಟಿಗೆ ಹೋದ. ಕೆಳಗಿನ ಕೋರ್ಟು 2011ರಲ್ಲಿ ಅಳಿಸಿ ಅಂದಿತು. ಮೇಲಿನ ಕೋರ್ಟು ಬೇಡ ಅಂದಿತು. 2014ರಲ್ಲಿ ಅತ್ಯುನ್ನತ ನ್ಯಾಯಾಲಯವೂ ಬೇಡ ಅಂದಿತು. ನಡೆದ ಘಟನೆಯ ದಾಖಲೆ ಅದು, ತಾನು ಬಿಟ್ಟಿದ್ದೇನೆಂದು ಅಂಚಿನಲ್ಲಿ ಟಿಪ್ಪಣಿ ಬರೆದರೆ ಸಾಕು ಅಂತ ತೀರ್ಪು. ಕಥೋಲಿಕರ ಪುಸ್ತಕಕ್ಕೆ ಆ ಅಂಚು ಮೊದಲಿನಿಂದ ಇದೆ. ದೃಢೀಕರಣ ಆಯಿತು, ಮದುವೆ ಆಯಿತು ಅಂತ ದೀಕ್ಷಾಸ್ನಾನದ ಸಾಲಿನ ಪಕ್ಕದಲ್ಲೇ ಬರೆಯುತ್ತ ಹೋಗುತ್ತಾರೆ. ನಮ್ಮ ಪುಸ್ತಕದಲ್ಲಿ ಅಂಚು ಸಣ್ಣದು. ಮಿಷನರಿಗಳು ಕಾಗದ ಉಳಿಸಿದರೋ, ನಮ್ಮವರ ಮುಂದಿನ ಬದುಕಿಗೆ ಬರೆಯುವಂಥದ್ದು ಏನೂ ಇರಲಿಕ್ಕಿಲ್ಲ ಅಂದುಕೊಂಡರೋ.

ನಮ್ಮ ಸಭೆಯನ್ನೂ ನಾನು ಸುಮ್ಮನೆ ಬಿಡುವುದಿಲ್ಲ. ಜಾತಿಯ ಕಾಲಂ ಇಲ್ಲ, ನಾವೆಲ್ಲ ಕ್ರಿಸ್ತನಲ್ಲಿ ಒಂದೇ ಅಂತ ಹೆಮ್ಮೆಯಿಂದ ಹೇಳುತ್ತೇವೆ. ಒಂದು ಮಧ್ಯಾಹ್ನ ಮದುವೆಯ ರಿಜಿಸ್ಟರನ್ನು ಮೊದಲಿನಿಂದ ಓದುತ್ತ ಕೂತೆ. ಗಂಡಿನ ಊರು, ಹೆಣ್ಣಿನ ಊರು: ದಾಪಕಾ, ಠಾಣಾ ಕುಶನೂರ, ಭಾಲ್ಕಿ, ಉದಗೀರ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗುತ್ತದೆ, ಭಾಷೆ ದಾಟಿ ತೆಲಂಗಾಣಕ್ಕೆ ಹೋಗುತ್ತದೆ, ಜಾತಿ ಮಾತ್ರ ದಾಟುವುದಿಲ್ಲ. ಹೊಲೆಯ ಮೂಲದ ಕ್ರೈಸ್ತರ ಮನೆಗೆ ಹೋದ ಹೆಣ್ಣು ಒಬ್ಬಳೂ ಸಿಗಲಿಲ್ಲ. ನಾಡಾರ್ ಕ್ರೈಸ್ತರೋ ಕೊಂಕಣಿ ಕ್ರೈಸ್ತರೋ ಬಂದು ನಮ್ಮ ಹೆಣ್ಣು ಕೇಳಿದ್ದಂತೂ ಕನಸು. ಜಾತಿಯ ಕಾಲಂ ಇಲ್ಲದ ಪುಸ್ತಕ ಜಾತಿಯನ್ನು ಇಷ್ಟು ಚೊಕ್ಕವಾಗಿ ಹೇಳುತ್ತದೆಯೆಂದು ನನಗೆ ಗೊತ್ತಿರಲಿಲ್ಲ. ನೀರಿನಿಂದ ಜಾತಿ ಹೋಗುತ್ತದೆ ಅನ್ನುವ ಸರ್ಕಾರದ ನಂಬಿಕೆಗೆ ವಿರುದ್ಧ ಯಾರಿಗಾದರೂ ಸಾಕ್ಷಿ ಬೇಕಿದ್ದರೆ ಈ ಎರಡನೇ ರಿಜಿಸ್ಟರನ್ನು ತೆಗೆದುಕೊಂಡು ಹೋಗಲಿ. ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಆ ಮೂರನೇ ಪ್ಯಾರಾ ತೆಗೆಯಿರಿ ಅಂದಿತ್ತು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಹೊಸ ಆಯೋಗ ಮಾಡಿದರು. ಆಯೋಗದ ಮೇಲೆ ಆಯೋಗ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ನಮ್ಮ ಮನೆಗೆ ಬಂದ ಗಣತಿದಾರಳೂ ಟೀಚರೇ. ಕ್ರೈಸ್ತ ಅಂತ ಅಂಟಿಸಿದ 33 ಜಾತಿ ಹೆಸರುಗಳ ಬಗ್ಗೆ ಗದ್ದಲ ಎದ್ದು, ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಅವನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತ್ತು. “ಧರ್ಮ ಕ್ರೈಸ್ತ ಹಾಕೀನಿ. ಜಾತಿ ಏನ್ ಹಾಕಲ್ರಿ ಅಕ್ಕೋರ?” ಅಂದಳು. “ಮಾದಿಗ.” ಅವಳು ಮೊಬೈಲಿನಿಂದ ತಲೆ ಎತ್ತಿ, “ಎರಡೂ ಹಾಕಿದ್ರ ಆಮ್ಯಾಲೆ ತ್ರಾಸ ಆಗ್ತದೇನ್ರಿ?” ಅಂತ ಕೇಳಿದಳು. ಪಾಪ, ನನ್ನ ಹಿತಕ್ಕೇ ಕೇಳಿದ್ದು. ಎರಡೂ ನಿಜ ಇದ್ದ ಮೇಲೆ ಎರಡೂ ಹಾಕವ್ವ ಅಂದೆ. ನನಗೆ ಪಿಂಚಣಿ ಬರುತ್ತದೆ, ಧೈರ್ಯ ಸುಲಭ.

ಆ ಹುಡುಗನಿಗೆ ಈ ಧೈರ್ಯವನ್ನು ಉಪದೇಶ ಮಾಡುವ ಅಧಿಕಾರ ನನಗಿಲ್ಲ. ‘ನಿನ್ನ ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು’ ಎಂಬ ಆಜ್ಞೆಯನ್ನು ನಮ್ಮ ಈಗಿನ ಪಾಸ್ಟರ್ ಅಯ್ಯನವರು ಇಂಥ ಹುಡುಗರಿಗೆ ಹೇಳುತ್ತಾರೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಮಾದಿಗ ಅಂತ ಬರೆದವನು ಸುಳ್ಳು ಹೇಳಲಿಲ್ಲ, ಹಿಂದೂ ಅಂತ ಬರೆದಾಗ ಹೇಳಿದ. ಆ ಸುಳ್ಳನ್ನು ಅವನ ಬಾಯಲ್ಲಿ ಇಟ್ಟದ್ದು ಕಾನೂನು. ಅದು ಪಾಪವಲ್ಲ ಅಂತ ನಾನು ಹೇಳುವುದಿಲ್ಲ. ಪಾಪದ ಪಾಲು ಹಂಚುವಾಗ ಅವನ ತಟ್ಟೆಗೆ ಎಲ್ಲವನ್ನೂ ಸುರಿಯಬೇಡಿ ಅಂತ ಮಾತ್ರ ಹೇಳುತ್ತೇನೆ.

ಹಾಳೆ ನಾನು ಹರಿಯಲಿಲ್ಲ, ಗೀಟೂ ಹಾಕಲಿಲ್ಲ. ಅವನು ಸದಸ್ಯರ ಪಟ್ಟಿಯಿಂದ ಹೆಸರು ತೆಗೆಸಿಕೊಂಡ. ಅದು ಅವನ ಹಕ್ಕು, ಬರೆದುಕೊಟ್ಟ, ತೆಗೆದೆ. ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಾನೆ, ಹಾಡುತ್ತಾನೆ, ಪ್ರಭುಭೋಜನಕ್ಕೆ ಮಾತ್ರ ಏಳುವುದಿಲ್ಲ. ಕಮಿಟಿಯ ಮುಂದೆ ನಾನು ಒಂದು ಮಾತು ಇಟ್ಟಿದ್ದೇನೆ: ಹೊಸ ರಿಜಿಸ್ಟರು ಅಚ್ಚು ಹಾಕಿಸುವಾಗ ಪ್ರತಿ ಸಾಲಿನ ಪಕ್ಕ ನಾಲ್ಕು ಬೆರಳಿನಷ್ಟು ಅಂಚು ಬಿಡಿಸಬೇಕು, ಆ ವ್ಯಕ್ತಿ ದೊಡ್ಡವನಾದ ಮೇಲೆ ಬಂದು ತನಗೆ ಬೇಕಾದ್ದನ್ನು ತನ್ನ ಕೈಯಿಂದಲೇ ಬರೆಯಲಿ. ನಂಬುತ್ತೇನೆ ಅಂತಾದರೂ ಬರೆಯಲಿ, ಬಿಟ್ಟೆ ಅಂತಾದರೂ ಬರೆಯಲಿ, ಸರ್ಕಾರದ ಹೆದರಿಕೆಗೆ ಬಿಟ್ಟೆ ಅಂತಾದರೂ ಬರೆಯಲಿ. ರಿಜಿಸ್ಟರಿನಲ್ಲಿ ಅಂಥದ್ದು ಬರೆದರೆ ನಾಳೆ ಅದೇ ಕೋರ್ಟಿನಲ್ಲಿ ಸಾಕ್ಷಿ ಆಗುತ್ತದೆ ಅಂತ ಖಜಾಂಚಿ ಹೇಳಿದರು. ಅವರು ಹೇಳಿದ್ದು ತಪ್ಪಲ್ಲ. ನಮ್ಮ ಡಿಸ್ಟ್ರಿಕ್ಟ್ ಸುಪರಿಂಟೆಂಡೆಂಟ್, ಡಿ.ಎಸ್. ಅಯ್ಯನವರು ಬಂದಾಗ ಕೇಳೋಣ ಅಂತ ಮುಂದಕ್ಕೆ ಹಾಕಿದ್ದಾರೆ.